ಮನೆಯಂಗಳದ ಗೊಬ್ಬರ: ಮಡಕೆಯ ಜಠರಾಗ್ನಿ

ಉಂಡ ಅನ್ನವು ಒಡಲಲ್ಲಿ ಹೇಗೆ ಪಚನವಾಗುತ್ತದೆ ಎಂಬುದನ್ನು ನಾವೆಲ್ಲ ವಿಚಾರಿಸುತ್ತೇವೆ. ಆದರೆ ಅಡುಗೆಮನೆಯಿಂದ ಹೊರಬಿದ್ದ ಸಿಪ್ಪೆ, ದಂಟು, ಮುಸುರೆಗಳ ಗತಿಯೇನು ಎಂದು ಚಿಂತಿಸುವವರು ವಿರಳ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಯ ಮೂಲೆಗೆಸೆದರೆ ಹಸುವು ಚೀಲಸಮೇತ ಅದನ್ನು ನುಂಗುತ್ತದೆ; ಪ್ಲಾಸ್ಟಿಕ್ ಜೀರ್ಣವಾಗದೆ ಅದರ ಹೊಟ್ಟೆಯಲ್ಲೇ ಗಂಟಾಗಿ ನಿಲ್ಲುತ್ತದೆ. ಅಳಿದುಳಿದ ಕಸಕ್ಕೆ ನೊಣ, ಇಲಿಗಳು ಮುತ್ತುತ್ತವೆ. ಮಳೆನೀರು ನಿಂತ ಚೀಲ, ಡಬ್ಬಿಗಳಲ್ಲಿ ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಭೇದಿ, ಇಲಿಜ್ವರ, ಡೆಂಗ್ಯೂಗಳಿಗೆ ಔಷಧಿ ಕೊಡುವ ನಾವು ಅವುಗಳ ಮೂಲವನ್ನು ಮರೆಯುವಂತಿಲ್ಲ.

ಕೆಲವು ವರ್ಷಗಳ ಹಿಂದೆ ನಾವೂ ಒಂದು ಹಳೆಯ ಮಡಕೆಯಲ್ಲಿ ಗೊಬ್ಬರ ಮಾಡಲು ಹೊರಟೆವು. ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಸಾರು ಎಲ್ಲವನ್ನೂ ಸುರಿದೆವು. ಹತ್ತೇ ದಿನಗಳಲ್ಲಿ ದುರ್ಗಂಧ ಹಬ್ಬಿತು, ಹುಳುಗಳು ಹರಿದಾಡಿದವು. “ಊರಿಗೆಲ್ಲ ಶುಚಿತ್ವ ಹೇಳುವವರು ಮೊದಲು ಇದನ್ನು ಆಚೆ ಹಾಕಿರಿ” ಎಂದು ಮನೆಯವರು ಗದರಿದರು. ಆಗ ನಮಗೆ ಹೊಳೆದದ್ದು: ಇದು ಅಜೀರ್ಣವೇ! ದ್ರವಪದಾರ್ಥ ಅತಿಯಾಗಿ, ಗಾಳಿಯಾಡದೆ, ಮಡಕೆಯ ಅಗ್ನಿ ಮಂದವಾಗಿತ್ತು.

ಗೊಬ್ಬರವಾಗುವುದೂ ಒಂದು ಪಚನಕ್ರಿಯೆಯೇ. ಅದನ್ನು ನಡೆಸುವ ಸೂಕ್ಷ್ಮಜೀವಿಗಳಿಗೆ ಹಸಿ ಪದಾರ್ಥದ ಸಾರಜನಕ, ಒಣ ಪದಾರ್ಥದ ಇಂಗಾಲ, ಗಾಳಿ ಮತ್ತು ಮಿತವಾದ ತೇವ ಬೇಕು. ಒಂದು ಭಾಗ ಸಾರಜನಕಕ್ಕೆ 25ರಿಂದ 30 ಭಾಗ ಇಂಗಾಲವಿದ್ದರೆ ಹಿತ. ಮನೆಯ ಅಳತೆಯಲ್ಲಿ ಹೇಳುವುದಾದರೆ, ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ತರಗೆಲೆ. ನಮ್ಮ ಹಿರಿಯರ ತಿಪ್ಪೆಯ ತತ್ತ್ವವೂ ಇದೇ. ರೈತರ ಅನುಭವದಿಂದ ಕಲಿತ ಆಲ್ಬರ್ಟ್ ಹೊವಾರ್ಡ್ ಅವರು 1924ರಿಂದ 1931ರ ಅವಧಿಯಲ್ಲಿ ಇಂದೂರಿನಲ್ಲಿ ಪದರ ಹಾಕಿ ಮಗುಚುವ ಕ್ರಮವನ್ನು ಶಾಸ್ತ್ರೀಯವಾಗಿ ರೂಪಿಸಿದರು.

ವಿಧಾನ ಹೀಗಿದೆ. ತಳದಲ್ಲೂ ಪಕ್ಕದಲ್ಲೂ ರಂಧ್ರಗಳಿರುವ ಎರಡು ದೊಡ್ಡ ಮಡಕೆಗಳನ್ನು ನೆರಳಿನಲ್ಲಿ, ಇಟ್ಟಿಗೆಗಳ ಮೇಲೆ ಇರಿಸಬೇಕು. ತಳಕ್ಕೆ ಮೂರು ಅಂಗುಲ ತೆಂಗಿನ ನಾರಿನ ಪುಡಿ ಅಥವಾ ತರಗೆಲೆ ಹರಡಿ, ಮೇಲೆ ಒಂದು ಹಿಡಿ ಹಳೆಯ ಗೊಬ್ಬರ ಉದುರಿಸಬೇಕು. ದಿನದ ಸಿಪ್ಪೆಗಳನ್ನು ಚಿಕ್ಕದಾಗಿ ಕತ್ತರಿಸಿ ಹಾಕಿ, ಹಸಿಯದೇನೂ ಕಾಣದಂತೆ ತರಗೆಲೆ ಮುಚ್ಚಿ, ಮುಚ್ಚಳವಿಡಬೇಕು. ವಾರಕ್ಕೊಮ್ಮೆ ಕೋಲಿನಿಂದ ಮಗುಚಬೇಕು. ಒಂದು ಮಡಕೆ ತುಂಬಿದೊಡನೆ ಅದನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಆರಂಭಿಸುವುದು. ಎರಡು ಮೂರು ತಿಂಗಳಲ್ಲಿ ಅದು ಕಪ್ಪಾಗಿ, ಪುಡಿಪುಡಿಯಾಗಿ, ಮೊದಲ ಮಳೆಗೆ ನೆನೆದ ನೆಲದ ವಾಸನೆ ಸೂಸುತ್ತದೆ. ಜರಡಿ ಹಿಡಿದು, ಮೂರು ಪಾಲು ಮಣ್ಣಿಗೆ ಒಂದು ಪಾಲು ಬೆರೆಸಿ ಗಿಡಗಳಿಗೆ ಹಾಕಬಹುದು.

ಮಡಕೆಯ ರೋಗಲಕ್ಷಣಗಳನ್ನೂ ಅರಿತಿರಬೇಕು. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಿ, ಒಂದೆರಡು ಹನಿ ಮಾತ್ರ ಜಿನುಗಿದರೆ ತೇವ ಸರಿಯಿದೆ. ನೀರು ಸುರಿದು ನಾರಿದರೆ ತರಗೆಲೆ ಹೆಚ್ಚಿಸಿ ಮಗುಚಬೇಕು. ಒಣಗಿ ಇರುವೆ ಹತ್ತಿದರೆ ನೀರು ಚಿಮುಕಿಸಬೇಕು. ಬಿಳಿಯ ಬೂಷ್ಟು ಕಂಡರೆ ಅಂಜಬೇಕಿಲ್ಲ. ಅದು ಪಚನದ ಗುರುತು.

ವೈದ್ಯರಾಗಿ ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ಚಿಕ್ಕ ಮಡಕೆಯಲ್ಲಿ ರೋಗಾಣುಗಳನ್ನು ಕೊಲ್ಲುವಷ್ಟು ಶಾಖ ಏಳುವುದಿಲ್ಲ. ಆದುದರಿಂದ ಮಕ್ಕಳ ಡೈಪರ್, ನಾಯಿ ಬೆಕ್ಕುಗಳ ಮಲ ಇದಕ್ಕೆ ಸಲ್ಲವು. ಉಳಿದ ಮಾತ್ರೆ, ಎಣ್ಣೆ, ಸಾರು ಕೂಡ ಬೇಡ. ಉಬ್ಬಸವುಳ್ಳವರು ಒಣಗೊಬ್ಬರದ ಧೂಳನ್ನು ಉಸಿರಾಡಬಾರದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಇಲ್ಲವೇ ಈ ಕೆಲಸವನ್ನು ಮನೆಯ ಇತರರಿಗೆ ಬಿಡಬೇಕು. ಕೈಯಲ್ಲಿ ಗಾಯವಿದ್ದಾಗ ಬರಿಗೈಯಿಂದ ಮುಟ್ಟಬಾರದು. ಧನುರ್ವಾಯುವಿನ ಲಸಿಕೆಯನ್ನು ಕಾಲಕಾಲಕ್ಕೆ ಹಾಕಿಸಿಕೊಂಡಿರಬೇಕು. ಕೆಲಸವಾದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಮಡಕೆಯ ಕೆಳಗೆ ತಟ್ಟೆಯಿಟ್ಟಿದ್ದರೆ ಅದರಲ್ಲಿ ನೀರು ನಿಲ್ಲಗೊಡಬಾರದು.

ಘನತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳು ಹಸಿ, ಒಣ ಮತ್ತು ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸುವಂತೆ ವಿಧಿಸಿದವು. ನಿಯಮಕ್ಕಿಂತ ಮಿಗಿಲಾದದ್ದು ನಮ್ಮ ಸಂಸ್ಕಾರ. ಎಲೆಯಲ್ಲಿ ಪ್ರಸಾದದ ಅಗುಳನ್ನೂ ಕೆಡಿಸಬಾರದೆಂದು ಕಲಿತ ನಾವು, ಮಣ್ಣಿನಿಂದ ಬಂದುದನ್ನು ಮಣ್ಣಿಗೆ ಮರಳಿಸುವುದನ್ನೂ ಕಲಿಯೋಣ. ಸದ್ಭಕ್ತರು ಈ ತಿಂಗಳು ಒಂದೇ ಒಂದು ಮಡಕೆಯಿಂದ ಆರಂಭಿಸಲಿ. ಬೀದಿಯ ಮೂಲೆಗೆ ಒಂದು ಚೀಲ ಕಡಿಮೆಯಾದರೂ ಒಂದು ಹಸು, ಒಂದು ಮಗು ಕ್ಷೇಮವಾಗಿದ್ದಾವು.