ಹೊರನಾಡಿನಲ್ಲೊಂದು ದುರಸ್ತಿಶಾಲೆ

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರದ ಅರಣ್ಯ ಪ್ರದೇಶಕ್ಕೆ ಸೇರಿದಂತೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟವಿದೆ. ಸಮುದ್ರಮಟ್ಟದಿಂದ 1,454 ಮೀಟರ್ ಎತ್ತರವಿರುವ ಈ ಬೆಟ್ಟದ ನೆತ್ತಿಯನ್ನು ವರ್ಷದ ಬಹುಕಾಲ ಮಂಜು ಮುಸುಕಿರುತ್ತದೆ. ನೆತ್ತಿಯ ಮೇಲೆ ವೇಣುಗೋಪಾಲನ ಪ್ರಾಚೀನ ದೇವಾಲಯವಿದೆ. ಯಾತ್ರಿಕರು ತಮ್ಮ ವಾಹನಗಳನ್ನು ತಪ್ಪಲಿನಲ್ಲಿಯೇ ನಿಲ್ಲಿಸಿ, ರಸ್ತೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರುತ್ತಾರೆ. ಏರುವಾಗ ಬಸ್ಸು ಕೆಳಗಿನ ಗೇರಿನಲ್ಲಿ ಗೊರಗೊರನೆ ಸದ್ದುಮಾಡುತ್ತ ಸಾಗುತ್ತದೆ. ಇಳಿಯುವಾಗಲೂ ಚಾಲಕನು ಗೇರನ್ನು ಮೇಲಕ್ಕೆ ಬದಲಿಸುವುದಿಲ್ಲ. ಬ್ರೇಕನ್ನು ಎಡೆಬಿಡದೆ ಒತ್ತಿದರೆ ಅದು ಕಾದು ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಆದಕಾರಣ ಎಂಜಿನ್ನಿನ ತಡೆಯಿಂದಲೇ ವೇಗವನ್ನು ನಿಗ್ರಹಿಸಬೇಕು. ಯಂತ್ರದ ಶಕ್ತಿಯ ಜೊತೆಗೆ ಅದರ ಮಿತಿಯನ್ನೂ ಬಲ್ಲವನೇ ನಿಜವಾದ ಚಾಲಕ. ನಿಜವಾದ ಮೆಕ್ಯಾನಿಕ್ಕನೂ ಅವನೇ.

ಬೆಟ್ಟದಿಂದ ಹಂಗಳದ ಮಾರ್ಗವಾಗಿ ಗುಂಡ್ಲುಪೇಟೆಗೆ ಬಂದರೆ, ಅಲ್ಲಿ ಮೂರು ರಾಜ್ಯಗಳ ವಾಹನಗಳು ಸಂಧಿಸುತ್ತವೆ. ಮೈಸೂರಿನಿಂದ ಬರುವ ಹೆದ್ದಾರಿಯು ಇಲ್ಲಿ ಕವಲೊಡೆದು, ಒಂದು ಕವಲು ಬಂಡೀಪುರದ ಮೂಲಕ ತಮಿಳುನಾಡಿನ ಉದಕಮಂಡಲಕ್ಕೂ, ಇನ್ನೊಂದು ಕೇರಳದ ಸುಲ್ತಾನ್ ಬತ್ತೇರಿಗೂ ಸಾಗುತ್ತದೆ. ವನ್ಯಮೃಗಗಳ ರಕ್ಷಣೆಗಾಗಿ ಈ ಕಾಡಿನ ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಾಮಾನ್ಯ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. ಸಂಜೆಯ ಹೊತ್ತಿಗೆ ಲಾರಿಯೊಂದು ಕೆಟ್ಟು ನಿಂತರೆ ಅದರ ಚಾಲಕನ ಆತಂಕ ಹೇಳತೀರದು. ಒಂಬತ್ತರೊಳಗೆ ಗೇಟು ದಾಟಬೇಕು. ಊರು ಹೊಸದು, ಭಾಷೆ ಬೇರೆ, ಗುರುತಿನವರಾರೂ ಇಲ್ಲ. ಎಣ್ಣೆಮಸಿ ಮೆತ್ತಿದ ಕೈಗಳ ಒಬ್ಬ ಅಪರಿಚಿತನನ್ನು ನಂಬದೆ ಅವನಿಗೆ ಗತ್ಯಂತರವಿಲ್ಲ. ದುರಸ್ತಿಯ ಕಸುಬು ನಿಂತಿರುವುದು ಈ ನಂಬಿಕೆಯ ಮೇಲೆ.

ಮೋಟಾರು ವಾಹನದ ಇತಿಹಾಸದ ಆರಂಭದಲ್ಲಿಯೇ ಇದಕ್ಕೆ ನಿದರ್ಶನವಿದೆ. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ಥಾ ಬೆಂಜ್ ಎಂಬ ಮಹಿಳೆಯು, ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೋಟಾರು ಬಂಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮ್ ನಗರದಿಂದ ತವರೂರಾದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಸುಮಾರು ನೂರು ಕಿಲೋಮೀಟರುಗಳ ಆ ದಾರಿಯಲ್ಲಿ ಒಂದೇ ಒಂದು ಮೋಟಾರು ದುರಸ್ತಿಶಾಲೆಯಿರಲಿಲ್ಲ. ಇಂಧನದ ನಳಿಗೆ ಕಟ್ಟಿಕೊಂಡಾಗ ಆಕೆ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳು. ಸರಪಳಿಯನ್ನು ಸರಿಪಡಿಸಲು ಕಮ್ಮಾರನೊಬ್ಬನು ನೆರವಾದನು. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆದಾಗ, ಪಾದರಕ್ಷೆ ಹೊಲಿಯುವವನಿಂದ ಅವುಗಳಿಗೆ ಚರ್ಮವನ್ನು ಹೊಡೆಸಿದಳು. ಅವರು ಮೋಟಾರು ಬಂಡಿಯ ಕಸುಬನ್ನು ಕಲಿತವರಾಗಿರಲಿಲ್ಲ. ಆದರೂ ದಾರಿಹೋಕಳ ಕಷ್ಟಕ್ಕೆ ತಮ್ಮ ಕೈಕಸುಬನ್ನು ಒದಗಿಸಿದರು.

ಹೀಗೆ ಅಪರಿಚಿತನಾಗಿ ಬರುವವನು ಸಾಮಾನ್ಯವಾಗಿ ಗಿರಾಕಿ. ಆದರೆ ದುರಸ್ತಿ ಮಾಡುವವನೇ ಪರದೇಶಿಯಾದರೆ? 1973ರಲ್ಲಿ ತೈಲದ ಬೆಲೆ ಏರಿದ ತರುವಾಯ ಅರಬ್ಬೀ ಕೊಲ್ಲಿಯ ರಾಷ್ಟ್ರಗಳಲ್ಲಿ ರಸ್ತೆಗಳೂ ಬಂದರುಗಳೂ ನಗರಗಳೂ ತೀವ್ರಗತಿಯಲ್ಲಿ ನಿರ್ಮಾಣವಾದವು. ಭಾರತದ ಅಸಂಖ್ಯ ಕುಶಲಕರ್ಮಿಗಳು ಕಡಲಾಚೆಗೆ ತೆರಳಿದರು. ಕನ್ನಡನಾಡಿನವರೂ, ವಿಶೇಷವಾಗಿ ಕರಾವಳಿಯವರು, ಅವರಲ್ಲಿ ಸೇರಿದ್ದರು. ಮೊದಲು ಮತ್ತೊಬ್ಬರ ಬಳಿ ಕೂಲಿಗೆ ದುಡಿದು, ಭಾಷೆಯನ್ನೂ ಊರಿನ ರೀತಿಯನ್ನೂ ಅರಿತು, ಅನಂತರ ಸ್ವಂತ ಉದ್ಯಮಕ್ಕೆ ಕೈಹಾಕುವುದು ಇಂಥವರಿಗೆ ಕ್ಷೇಮಕರವಾದ ಮಾರ್ಗ.

ಬೆಟ್ಟದ ತಪ್ಪಲಿನ ಯುವಕನೊಬ್ಬನು ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಮೋಟಾರು ದುರಸ್ತಿಶಾಲೆಯನ್ನು ತೆರೆಯಲು ಅಪೇಕ್ಷಿಸಿದನೆಂದು ಭಾವಿಸಿದರೆ, ಅವನ ಸಿದ್ಧತೆ ಸ್ವದೇಶದಲ್ಲಿಯೇ ಮೊದಲಾಗಬೇಕು. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಕಸುಬಿಗೆ ಎರಡು ವರ್ಷಗಳ ಶಿಕ್ಷಣವುಂಟು. ದಲ್ಲಾಳಿಗಳ ಮೋಸದಿಂದ ಕೆಲಸಗಾರರನ್ನು ಕಾಪಾಡಲು ಭಾರತ ಸರ್ಕಾರವು 1983ರಲ್ಲಿ ವಲಸೆ ಕಾಯಿದೆಯನ್ನು ಜಾರಿಗೆ ತಂದಿತು. ಅದರ ವ್ಯವಸ್ಥೆಯಲ್ಲಿ, ಹತ್ತನೆಯ ತರಗತಿಯನ್ನು ತೇರ್ಗಡೆಯಾಗದವರು ದುಡಿಮೆಗಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೋಗುವಾಗ ಸರ್ಕಾರದ ಅನುಮತಿ ಪಡೆಯುವ ನಿಯಮವಾಯಿತು. ಶಾಲೆಯ ಪ್ರಮಾಣಪತ್ರವು ಕಡಲು ದಾಟುವವನಿಗೂ ಊರುಗೋಲೆಂಬುದು ಇದರಿಂದ ತಿಳಿಯುತ್ತದೆ.

ಉದ್ಯಮವನ್ನು ತೆರೆಯುವಾಗ ಎದುರಾಗುವ ಮೊದಲ ಪ್ರಶ್ನೆ ಒಡೆತನದ್ದು. ಆ ದೇಶದಲ್ಲಿ ಮುಕ್ತ ವಲಯಗಳ ಹೊರಗೆ ಸ್ಥಾಪಿತವಾಗುವ ಕಂಪನಿಗಳಲ್ಲಿ ನೂರಕ್ಕೆ 51 ಪಾಲು ಸ್ಥಳೀಯ ಪ್ರಜೆಗೆ ಸೇರಿರಬೇಕೆಂಬ ನಿಯಮವು ದೀರ್ಘಕಾಲವಿತ್ತು. ಬಂಡವಾಳವೂ ಬೆವರೂ ಪರದೇಶಿಯದಾದರೂ, ಕಾಗದದಲ್ಲಿ ಹೆಚ್ಚಿನ ಪಾಲು ಇನ್ನೊಬ್ಬನದಾಗಿರುತ್ತಿತ್ತು. ಪಾಲುದಾರನು ಸಜ್ಜನನಾದರೆ ಬಾಳು ಸುಗಮ. ಮನಸ್ತಾಪ ಬಂದರೆ ವರ್ಷಗಳ ದುಡಿಮೆಯು ಒಂದು ರುಜುವಿನ ಕೆಳಗೆ ಸಿಲುಕುತ್ತಿತ್ತು. 2021ರ ಜೂನ್ ಒಂದರಿಂದ ಈ ನಿಯಮವು ಸಡಿಲವಾಗಿ, ಬಹುಪಾಲು ಉದ್ಯಮಗಳಲ್ಲಿ ಪೂರ್ಣ ಒಡೆತನವು ಪರದೇಶಿಗಳಿಗೂ ಸಾಧ್ಯವಾಯಿತು. ಆದರೆ ಹೊಣೆ ಕಡಮೆಯಾಗಲಿಲ್ಲ. ದುಬೈಯಂಥ ನಗರದಲ್ಲಿ ಉದ್ಯಮದ ಪರವಾನಗಿ ಬೇಕು. ಬಳಸಿದ ಎಣ್ಣೆಯನ್ನು ಚರಂಡಿಗೆ ಬಿಡದಂತೆ ನಗರಾಡಳಿತದ ನಿಯಮಗಳನ್ನು ಪಾಲಿಸಬೇಕು. ಬೆಂಕಿಯ ಅಪಾಯದ ದೃಷ್ಟಿಯಿಂದ ನಾಗರಿಕ ರಕ್ಷಣಾ ಇಲಾಖೆಯ ಒಪ್ಪಿಗೆ ಪಡೆಯಬೇಕು. ಮಳಿಗೆಯ ಬಾಡಿಗೆಯನ್ನು ಮುಂದಿನ ತಾರೀಖಿನ ಚೆಕ್ಕುಗಳ ಮೂಲಕ ಕೊಡುವುದು ಅಲ್ಲಿಯ ವಾಡಿಕೆ. ಗಿರಾಕಿ ಬರಲಿ, ಬಾರದಿರಲಿ, ಚೆಕ್ಕಿನ ದಿನವು ತಪ್ಪದೆ ಬರುತ್ತದೆ. ಆದಕಾರಣ ಬಂಡವಾಳವನ್ನೆಲ್ಲ ಉಪಕರಣಗಳಿಗೆ ಸುರಿಯದೆ, ಕೆಲವು ತಿಂಗಳ ಖರ್ಚನ್ನು ಕೈಯಲ್ಲಿರಿಸಿಕೊಳ್ಳುವುದು ವಿವೇಕ.

ಕಸುಬಿನಲ್ಲಿಯೂ ಹೊಸ ಕಲಿಕೆ ಅನಿವಾರ್ಯ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ಚಾಲಕನ ಚಕ್ರವು ಎಡಗಡೆಯಿರುತ್ತದೆ. ಗೋಪಾಲಸ್ವಾಮಿ ಬೆಟ್ಟದಲ್ಲಿ ಮಂಜೂ ಇಳಿಜಾರೂ ವಾಹನವನ್ನು ಪರೀಕ್ಷಿಸಿದರೆ, ಮರಳುನಾಡಿನಲ್ಲಿ ಬಿಸಿಲೂ ಧೂಳೂ ಪರೀಕ್ಷಿಸುತ್ತವೆ. ಬಿಸಿಲಿನ ತಾಪದಿಂದ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ರಬ್ಬರಿನ ನಳಿಗೆಗಳು ಬಿರುಕು ಬಿಡುತ್ತವೆ. ನವಿರಾದ ಮರಳು ಗಾಳಿ ಸೋಸುವ ಜಾಲರಿಯಲ್ಲಿ ತುಂಬಿಕೊಳ್ಳುತ್ತದೆ. ಊರಿನಲ್ಲಿ ಭೋಗವಸ್ತುವೆನಿಸಿದ್ದ ಹವಾನಿಯಂತ್ರಣವು ಅಲ್ಲಿ ಅತ್ಯಗತ್ಯವಾದ ಅಂಗ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯವರೆಗೆ ಬಯಲ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ಕಟ್ಟಳೆಯೂ ಉಂಟು. ನಿನ್ನೆ ಕೂಲಿಯಾಗಿದ್ದವನು ಇಂದು ಒಡೆಯನಾದಾಗ ಈ ಕಟ್ಟಳೆಯನ್ನು ಮರೆಯಲಾಗದು.

ಇವೆಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಬೇರೊಂದಿದೆ. ಅಪಘಾತದಲ್ಲಿ ಜಖಂಗೊಂಡ ವಾಹನವನ್ನು ಪೊಲೀಸರ ಪತ್ರವಿಲ್ಲದೆ ಯಾವ ದುರಸ್ತಿಶಾಲೆಯೂ ಮುಟ್ಟಕೂಡದೆಂಬುದು ಅಲ್ಲಿಯ ಕಾನೂನು. ಢಿಕ್ಕಿ ಹೊಡೆದು ಓಡಿಹೋದವನು ಗುಟ್ಟಾಗಿ ವಾಹನವನ್ನು ಸರಿಪಡಿಸಿಕೊಂಡು ತಪ್ಪಿಸಿಕೊಳ್ಳದಿರಲೆಂಬುದು ಇದರ ಉದ್ದೇಶ. ಒಂದು ಸಂಜೆ ಮಳಿಗೆಯ ಬಾಗಿಲು ಮುಚ್ಚುವ ವೇಳೆಗೆ ನಜ್ಜಾದ ಕಾರೊಂದು ಬಂದು ನಿಲ್ಲಬಹುದು. ಇಳಿದವನು ಕನ್ನಡದಲ್ಲಿಯೇ ಮಾತನಾಡಬಹುದು. ‘ಗೋಡೆಗೆ ತಗುಲಿತು, ನಮ್ಮೂರಿನವರೆಂದು ನಂಬಿ ಬಂದೆ, ಬೆಳಗಾಗುವುದರೊಳಗೆ ಸರಿಪಡಿಸಿಕೊಡಿ, ಇಮ್ಮಡಿ ಹಣ ಕೊಡುತ್ತೇನೆ’ ಎನ್ನಬಹುದು. ತಿಂಗಳ ಕೊನೆ, ಬಾಡಿಗೆಯ ಚೆಕ್ಕಿನ ದಿನ ಹತ್ತಿರ. ಪರನಾಡಿನಲ್ಲಿ ತಾಯ್ನುಡಿಯ ಮಾತು ಕಿವಿಗೆ ಬಿದ್ದರೆ ಯಾರ ಮನಸ್ಸೂ ಕರಗುತ್ತದೆ. ತಗುಲಿದ್ದು ಗೋಡೆಯೇ ಇರಬಹುದು. ಯಾರೋ ಒಬ್ಬ ದಾರಿಹೋಕನೂ ಆಗಿರಬಹುದು. ಅದನ್ನು ತಿಳಿಯುವುದು ಮೆಕ್ಯಾನಿಕ್ಕನ ಅಳವಲ್ಲ. ಅವನು ಮಾಡಬಹುದಾದದ್ದು ಒಂದೇ: ನೀರು ಕೊಟ್ಟು, ಕೂರಿಸಿ, ಪತ್ರವನ್ನು ತರುವಂತೆ ಹೇಳಿ, ಬೇಕಾದರೆ ಠಾಣೆಯವರೆಗೆ ಜೊತೆಯಲ್ಲಿ ನಡೆಯುವುದು. ಬಂದವನು ಮುನಿದು ಹೋಗಬಹುದು. ‘ನಮ್ಮವನಾಗಿಯೂ ಆಗಲಿಲ್ಲ’ ಎಂಬ ನಿಂದೆಯೂ ಬರಬಹುದು. ಆದರೆ ಆ ರಾತ್ರಿ ಸುತ್ತಿಗೆಯನ್ನು ಎತ್ತಿದರೆ ಪರವಾನಗಿಯೂ, ತನ್ನನ್ನು ನಂಬಿದ ನಾಲ್ಕಾರು ಕೆಲಸಗಾರರ ಅನ್ನವೂ ಅಪಾಯಕ್ಕೆ ಈಡಾಗುತ್ತವೆ. ಗಾಯಗೊಂಡವನೊಬ್ಬನಿದ್ದರೆ ಅವನ ನ್ಯಾಯವೂ ಅಲ್ಲಿಯೇ ಅಳಿಸಿಹೋಗುತ್ತದೆ.

ನಂಬಿಕೆಯನ್ನು ಗಳಿಸುವ ದಾರಿಗಳು ಸರಳವಾದವು. ಕೆಲಸಕ್ಕೆ ಮೊದಲೇ ಖರ್ಚಿನ ಅಂದಾಜನ್ನು ಬರೆದುಕೊಡುವುದು. ಬದಲಾಯಿಸಿದ ಹಳೆಯ ಬಿಡಿಭಾಗವನ್ನು ಗಿರಾಕಿಯ ಕಣ್ಣೆದುರಿಗೆ ಇಡುವುದು. ಕೆಡದ ಭಾಗವನ್ನು ಕೆಟ್ಟಿದೆಯೆಂದು ಹೇಳದಿರುವುದು. ಹೇಳಿದ ವೇಳೆಗೆ ವಾಹನವನ್ನು ಒಪ್ಪಿಸುವುದು. ಅರಬ್ಬೀ, ಹಿಂದಿ, ಮಲಯಾಳ, ಇಂಗ್ಲಿಷ್ ಹೀಗೆ ಹಲವು ಭಾಷೆಗಳ ಜನ ಬರುವ ಮಳಿಗೆಯಲ್ಲಿ ಮಾತು ತಪ್ಪಾಗಿ ತಿಳಿಯಬಹುದು. ಮೇಜಿನ ಮೇಲಿಟ್ಟ ಸವೆದ ಬ್ರೇಕಿನ ತುಂಡನ್ನು ಮಾತ್ರ ಯಾರೂ ತಪ್ಪಾಗಿ ತಿಳಿಯಲಾರರು.

‘ದೇಶ ಸುತ್ತು, ಇಲ್ಲವೆ ಕೋಶ ಓದು’ ಎಂಬುದು ನಮ್ಮ ಹಿರಿಯರ ನುಡಿ. ಪರದೇಶದಲ್ಲಿ ಕಸುಬನ್ನು ಹೂಡುವವನಿಗೆ ಈ ಎರಡೂ ಬೇಕು. ಆ ನಾಡಿನ ಕಾನೂನೇ ಅವನು ಓದಬೇಕಾದ ಕೋಶ. ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಇಳಿಯುವ ಬಸ್ಸಿನಲ್ಲಿ ಕುಳಿತ ಯಾತ್ರಿಕರು, ಅದರ ಬ್ರೇಕನ್ನು ಬಿಗಿಮಾಡಿದವನು ಯಾರೆಂದು ಕೇಳುವುದಿಲ್ಲ. ಮಂಜು ಮುಸುಕಿದ ತಿರುವುಗಳಲ್ಲಿ ತಮ್ಮ ಪ್ರಾಣವನ್ನು ಅವನ ಕೈಗೆ ಒಪ್ಪಿಸಿ ನಿಶ್ಚಿಂತೆಯಿಂದ ಮಾತನಾಡುತ್ತಿರುತ್ತಾರೆ. ಕಡಲಾಚೆಯ ಮಳಿಗೆಗೆ ಬರುವ ಗಿರಾಕಿಯೂ ಅದೇ ನಂಬಿಕೆಯಿಂದ ವಾಹನದ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋಗುತ್ತಾನೆ.