ಇನ್ನೆಷ್ಟು ಹೊತ್ತು ಕೂರಲಿ?

ಪ್ರಶ್ನೆ: ಬೆನ್ಸನ್ ಟೌನಿನ ಒಂದು ಟ್ರೇಡಿಂಗ್ ಆಫೀಸಿನಲ್ಲಿ ಆರು ವರ್ಷದಿಂದ ಅಕೌಂಟ್ಸ್ ಅಸಿಸ್ಟೆಂಟ್ ಆಗಿದ್ದೇನೆ. ಬಿ.ಕಾಂ. ಆಗಿದೆ, ಟ್ಯಾಲಿ ಬರುತ್ತದೆ. ವಾರದ ಆರು ದಿನವೂ ಬೆಳಿಗ್ಗೆ ಒಂಬತ್ತೂವರೆಗೆ ಬಂದರೆ ಹೊರಡುವುದು ರಾತ್ರಿ ಎಂಟಕ್ಕೆ. ಆದರೂ ಸೀನಿಯರ್ ಹುದ್ದೆ ನನ್ನ ನಂತರ ಸೇರಿದ ಹುಡುಗನಿಗೆ ಸಿಕ್ಕಿತು. ‘ನೀವು ಇನ್ನೂ ಚುರುಕಾಗಬೇಕಮ್ಮ’ ಅನ್ನುತ್ತಾರೆ ಯಜಮಾನರು. ಇನ್ನೆಷ್ಟು ಹೊತ್ತು ಕೂರಲಿ ಸರ್?
– ಹೆಸರು ಬೇಡ

ಉತ್ತರ: ಇನ್ನು ಹೆಚ್ಚು ಕೂರಬೇಡಿ. ನಿಮ್ಮ ಪತ್ರದಲ್ಲಿ ಕೂತ ಹೊತ್ತಿನ ಲೆಕ್ಕವಿದೆ, ಆ ಹೊತ್ತಿನಲ್ಲಿ ಏನು ಮಾಡಿದಿರೆಂಬುದು ಇಲ್ಲ. ಯಜಮಾನರಿಗೂ ಅದು ಕಾಣುತ್ತಿಲ್ಲ.

7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, 20ಕ್ಕೆ 3ಬಿ. ಆ ದಿನಗಳಲ್ಲಿ ತಡವಾಗುವುದು ಸಹಜ. 25ನೇ ತಾರೀಖೂ ಎಂಟಾಗುತ್ತಿದ್ದರೆ, ಬಿಲ್ಲುಗಳು ನಿಮ್ಮ ಮೇಜಿಗೆ ಬರುವುದೇ ಸಂಜೆ ಇರಬೇಕು. ನಾಲ್ಕರ ನಂತರ ಬಂದ ಬಿಲ್ಲಿಗೆ ಮರುದಿನ ಎಂಟ್ರಿ ಎಂಬ ಒಂದೇ ನಿಯಮಕ್ಕೆ ಯಜಮಾನರನ್ನು ಒಪ್ಪಿಸಿ.

ಬಡ್ತಿಗೆ ಎಂಟ್ರಿ ಕೆಲಸವೊಂದೇ ಸಾಲದು. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿ ಪೋರ್ಟಲಿನಲ್ಲಿ 2ಬಿ ಬರುತ್ತದಲ್ಲ, ಅದನ್ನು ಖರೀದಿ ಪುಸ್ತಕದೊಂದಿಗೆ ತಾಳೆ ನೋಡುವ ಕೆಲಸವನ್ನು ಆಡಿಟರಿಗೆ ಬಿಡದೆ ನೀವೇ ಕೇಳಿ ಪಡೆಯಿರಿ. ಮಾಲು ಕೊಟ್ಟವರು ತಮ್ಮ ರಿಟರ್ನಿನಲ್ಲಿ ಬಿಲ್ ತೋರಿಸದಿದ್ದರೆ ನಿಮ್ಮವರಿಗೆ ಇನ್‌ಪುಟ್ ಕ್ರೆಡಿಟ್ ಸಿಗದು, ಅಷ್ಟೂ ತೆರಿಗೆ ಕೈಯಿಂದಲೇ ಹೋಗುತ್ತದೆ. ಬಿಟ್ಟುಹೋದ ಬಿಲ್ಲುಗಳೆಷ್ಟು, ಫೋನ್ ಮಾಡಿ ಸೇರಿಸಿದ್ದೆಷ್ಟು, ಉಳಿದ ರೂಪಾಯಿ ಎಷ್ಟು ಎಂದು ತಿಂಗಳಿಗೊಂದು ಹಾಳೆ ಬರೆದು ಕೊಡಿ, ಒಂದು ಪ್ರತಿ ನಿಮ್ಮಲ್ಲಿರಲಿ. ಮೂರು ಹಾಳೆ ಆದ ಮೇಲೆ ಬಡ್ತಿಯ ಮಾತೆತ್ತಿ. ಅವರು ಕೊಡದಿದ್ದರೆ, ಕಲಿತ ಈ ಕೆಲಸ ಬೇರೆ ಕಡೆಯ ಇಂಟರ್‌ವ್ಯೂನಲ್ಲಿ ನಿಮ್ಮ ಪರ ಮಾತಾಡುತ್ತದೆ.

2023ರಲ್ಲಿ ನಾರಾಯಣಮೂರ್ತಿಯವರು ವಾರಕ್ಕೆ 70 ಗಂಟೆಯ ಮಾತಾಡಿದ ಮೇಲೆ ಸಣ್ಣ ಆಫೀಸುಗಳಲ್ಲೂ ಅದನ್ನು ಎತ್ತಿ ಹೇಳುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹಾಕಿದ ಮಿತಿ ದಿನಕ್ಕೆ 9, ವಾರಕ್ಕೆ 48 ಗಂಟೆ. ಮೀರಿದ ಹೊತ್ತಿಗೆ ದುಪ್ಪಟ್ಟು ಸಂಬಳ. ಊಟದ ಒಂದು ಗಂಟೆ ಕಳೆದರೂ ನಿಮ್ಮದು ವಾರಕ್ಕೆ 57 ಆಗುತ್ತದೆ. ಜಗಳಕ್ಕೆ ಹೋಗಬೇಕಿಲ್ಲ, ಬಂದ, ಹೊರಟ ಹೊತ್ತನ್ನು ದಿನವೂ ಡೈರಿಯಲ್ಲಿ ಬರೆದಿಡಿ.

ಪ್ರಶ್ನೆ: ಶಿವಾಜಿನಗರದ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಹಬ್ಬದ ತಿಂಗಳಲ್ಲಿ ವಾರದ ರಜೆ ತೆಗೆದುಕೊಂಡರೆ ಸಂಬಳ ಹಿಡಿಯುತ್ತಾರೆ. ಸರಿಯೇ?

ಉತ್ತರ: ಸರಿಯಲ್ಲ. ಅದೇ ಕಾಯ್ದೆಯ ಪ್ರಕಾರ ವಾರಕ್ಕೊಂದು ಪೂರ್ತಿ ದಿನದ ರಜೆ ನಿಮ್ಮ ಹಕ್ಕು. ಅದಕ್ಕಾಗಿ ಸಂಬಳ ಕಡಿಯುವಂತಿಲ್ಲ. ನೇಮಕಾತಿ ಪತ್ರ ಇದೆಯೇ ಎಂದು ನೀವು ಬರೆದಿಲ್ಲ. ಸೇರಿದ 30 ದಿನದೊಳಗೆ ಅದನ್ನು ಮಾಲೀಕರು ಕೊಡಲೇಬೇಕು. ಇಲ್ಲವಾದರೆ ಮೊದಲು ಅದನ್ನು ಕೇಳಿ, ನಂತರ ಕಾರ್ಮಿಕ ನಿರೀಕ್ಷಕರನ್ನು ಕಾಣಿ.