ಮೀನಿಲ್ಲದ ತಿಂಗಳಲ್ಲಿ ಮೀನಿನ ಪ್ರಶ್ನೆ

ಪ್ರಶ್ನೆ: ಕಾರವಾರದ ಮೆಡಿಕಲ್ ಕಾಲೇಜಿನ ಮಕ್ಕಳು ನಮ್ಮೂರಿಗೆ ಬಂದಿದ್ದರು. ಬಸುರಿ ಸೊಸೆಯ ತಾಯಿ ಕಾರ್ಡ್ ನೋಡಿದರು, ಮೊಮ್ಮಗನ ತೋಳಿಗೆ ಪಟ್ಟಿ ಸುತ್ತಿದರು, ನಿನ್ನೆ ಏನು ಊಟ ಮಾಡಿದಿರಿ ಅಂತೆಲ್ಲ ಕೇಳಿ ಬರೆದುಕೊಂಡು ಹೋದರು. ಇನ್ನೂ ಕಲಿಯುತ್ತಿರುವ ಹುಡುಗರ ಈ ಸಂಶೋಧನೆಯಿಂದ ಏನಾದರೂ ಪ್ರಯೋಜನ ಉಂಟೇ? ಉತ್ತರ ಕೊಡಲೇಬೇಕೇ?
(ಓದುಗರೊಬ್ಬರು, ಅಂಕೋಲಾ)

ಉತ್ತರ: ಕೊಡಲೇಬೇಕೆಂದೇನಿಲ್ಲ. ಸಂಶೋಧನೆ ಅಂದಮೇಲೆ ಯಾಕೆ ಕೇಳುತ್ತಿದ್ದೇವೆ ಎಂಬುದನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಿ, ಒಪ್ಪಿಗೆ ಪಡೆದೇ ಮುಂದುವರಿಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಜೀವಾಳವೇ ಅದು. ಅರ್ಧಕ್ಕೆ ‘ಸಾಕು’ ಅಂದರೂ ನಡೆಯುತ್ತದೆ; ಅದಕ್ಕಾಗಿ ಆಸ್ಪತ್ರೆಯಲ್ಲಿ ಯಾರೂ ನಿಮ್ಮ ಚಿಕಿತ್ಸೆ ತಪ್ಪಿಸುವಂತಿಲ್ಲ. ಸೊಸೆಯ ವಿಷಯಕ್ಕೆ ಸೊಸೆಯೇ ಒಪ್ಪಬೇಕು. ಅತ್ತೆ ಮಾವಂದಿರಿಗೆ ಈ ಮಾತು ಅಷ್ಟು ರುಚಿಸುವುದಿಲ್ಲ, ಗೊತ್ತು.

ಇನ್ನೊಂದು. ಬಂದವರು ಸಂಶೋಧನೆಗೇ ಬಂದಿದ್ದರೋ, ಪಾಠಕ್ಕೆ ಬಂದಿದ್ದರೋ? 2022ರಿಂದ ದೇಶದ ಎಲ್ಲ ಮೆಡಿಕಲ್ ಕಾಲೇಜುಗಳಲ್ಲೂ ‘ಕುಟುಂಬ ದತ್ತು’ ಎಂಬ ಪಾಠ ಬಂದಿದೆ. ಮೊದಲ ವರ್ಷದಿಂದಲೇ ಒಬ್ಬೊಬ್ಬ ವಿದ್ಯಾರ್ಥಿಯೂ ಮೂರರಿಂದ ಐದು ಮನೆಗಳನ್ನು ಹಿಡಿದು, ಆ ಮನೆಯವರ ಆರೋಗ್ಯವನ್ನು ಓದು ಮುಗಿಯುವ ತನಕ ನೋಡಿಕೊಳ್ಳಬೇಕು. ಸಂಶೋಧನೆಯ ದಾರಿ ಬೇರೆ. 1979ರಿಂದ ಐಸಿಎಂಆರ್ ಎಂಬಿಬಿಎಸ್ ಓದುವವರಿಗೆ ಎರಡು ತಿಂಗಳ ಸಂಶೋಧನಾ ವೇತನ ಕೊಡುತ್ತ ಬಂದಿದೆ. ಸ್ನಾತಕೋತ್ತರದವರು ಪ್ರಬಂಧ ಬರೆಯಲೇಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದ್ದರೆ ಅದು ಸಂಶೋಧನೆ.

ಪ್ರಯೋಜನದ ಮಾತಿಗೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ಶೇ. 45.7 ಮಂದಿಗೆ ರಕ್ತಹೀನತೆ, ಅಂದರೆ ಹಿಮೋಗ್ಲೋಬಿನ್ 11 ಗ್ರಾಮ್‌ಗಿಂತ ಕಡಿಮೆ. ಈ ಅಂಕಿ ಕಾರವಾರದ ಬೈತಖೋಲದ ಮೀನುಗಾರರ ಕೇರಿಗೂ ಅಂಕೋಲೆಯ ಹಾಲಕ್ಕಿ ಕೊಪ್ಪಕ್ಕೂ ಇರುವ ವ್ಯತ್ಯಾಸವನ್ನು ಹೇಳಲಾರದು. ಮನೆ ಮನೆ ತಿರುಗುವ ವಿದ್ಯಾರ್ಥಿ ಹೇಳಬಲ್ಲ, ಕೇಳಬೇಕಾದ ಹಾಗೆ ಕೇಳಿದರೆ.

ಎಡವುವುದು ಅಲ್ಲೇ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಆ ಮಳೆಯಲ್ಲಿ ಹೋಗಿ ‘ನಿನ್ನೆ ಮೀನು ತಿಂದಿರಾ?’ ಅಂತ ಕೇಳಿದರೆ ಅರ್ಧ ಊರು ಇಲ್ಲ ಅನ್ನುತ್ತದೆ. ಅದೇ ಮನೆಯಲ್ಲಿ ನವೆಂಬರಿನಲ್ಲಿ ದಿನವೂ ಬಂಗಡೆ ಸಾರು. ಹೊಳೆಯಲ್ಲಿ ಆಯ್ದು ತಂದ ಬಳಚು ಎಂಬ ಚಿಪ್ಪುಮೀನಿನಲ್ಲಿ ಕಬ್ಬಿಣದ ಅಂಶ ಚೆನ್ನಾಗಿದೆ. ಆದರೆ ‘ಮಾಂಸಾಹಾರ: ಹೌದು/ಇಲ್ಲ’ ಎಂಬ ಅಚ್ಚಾದ ಚೌಕದಲ್ಲಿ ಬಳಚಿಗೆ ಜಾಗ ಎಲ್ಲಿ? ಘಟ್ಟದ ಮೇಲಿಂದ ಬಂದ ಹುಡುಗನಿಗೆ ಆ ಹೆಸರೇ ಹೊಸದು. ಕಾರವಾರದ ಎಷ್ಟೋ ಮನೆಗಳಲ್ಲಿ ಮನೆಮಾತು ಕೊಂಕಣಿ ಬೇರೆ.

ಮಾತ್ರೆಯದೂ ಇದೇ ಕತೆ. ಬಸುರಿಯರು 180 ದಿನ ಕೆಂಪು ಕಬ್ಬಿಣದ ಮಾತ್ರೆ ನುಂಗಬೇಕು. ‘ತಗೊಳ್ತೀರಾ?’ ಅಂದರೆ ಎಲ್ಲರದ್ದೂ ‘ಹೌದು’. ‘ಸ್ಟ್ರಿಪ್ ತೋರಿಸ್ತೀರಾ?’ ಅಂದ ಕೂಡಲೇ ಮಾತು ಬೇರೆಯಾಗುತ್ತದೆ: ಹೊಟ್ಟೆ ಕಟ್ಟುತ್ತದೆ, ಮಲ ಕಪ್ಪಾಗಿ ಹೆದರಿಕೆಯಾಯಿತು, ವಾಂತಿ ಬರುತ್ತದೆ. ನುಂಗಿದವರಲ್ಲೂ ಕೆಲವರು ಚಾ ಜೊತೆ ನುಂಗಿರುತ್ತಾರೆ. ಚಾ ಆ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಉಳಿದ ಮಾತ್ರೆ ಎಣಿಸಿದ ವಿದ್ಯಾರ್ಥಿಯ ಹತ್ತು ಪುಟವನ್ನು ನಾನು ನಂಬುತ್ತೇನೆ. ‘ರಕ್ತಹೀನತೆ ಅಂದರೇನು ಗೊತ್ತೇ?’ ಎಂದು ಕೇಳಿ, ಒಂದು ತಾಸು ಭಾಷಣ ಬಿಗಿದು, ಮತ್ತೆ ಅದೇ ಪ್ರಶ್ನೆ ಕೇಳಿ, ಅಂಕ ಏರಿತು ಎಂದು ಬರೆಯುವ ಪ್ರಬಂಧಗಳು ನಮ್ಮಲ್ಲಿ ರಾಶಿ ಬಿದ್ದಿವೆ. ಅವುಗಳಿಂದ ಯಾರ ರಕ್ತವೂ ಏರಿದ್ದಿಲ್ಲ.

ಇನ್ನೊಂದು ತೊಡಕು: ಚೊಚ್ಚಲ ಹೆರಿಗೆಗೆ ಸೊಸೆ ತವರಿಗೆ ಹೋದಳೆಂದರೆ ತಾಯಿ ಕಾರ್ಡೂ ಅವಳ ಜೊತೆ ಹೋಯಿತು. ಮನೆಗೆ ಬಂದ ವಿದ್ಯಾರ್ಥಿಗೆ ಕಾಣುವುದು ಖಾಲಿ ತೊಟ್ಟಿಲು. ಆಸ್ಪತ್ರೆ ಎಷ್ಟು ದೂರ ಎಂಬುದನ್ನೂ ಕಿಲೋಮೀಟರಿನಲ್ಲಿ ಕೇಳಿ ಉಪಯೋಗವಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತಲ್ಲ, ಆಗ ಅಂಕೋಲೆಯಿಂದ ಕುಮಟಾ ಎಷ್ಟು ದೂರವಾಯಿತು ಎಂದು ನಿಮಗೆ ಹೇಳಿಕೊಡಬೇಕಿಲ್ಲ. ಗಂಟೆಗಳಲ್ಲಿ ಕೇಳಬೇಕು, ಮಳೆಗಾಲಕ್ಕೊಂದು, ಬೇಸಿಗೆಗೊಂದು.

ಆ ಮಕ್ಕಳು ಮತ್ತೆ ಬಂದರೆ ಕೂರಿಸಿ, ಚಾ ಕೊಡಿ, ತೋಳಿನ ಪಟ್ಟಿ ಯಾವ ಬಣ್ಣದಲ್ಲಿ ನಿಂತಿತ್ತು ಎಂದು ನೀವೇ ಕೇಳಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 12.5 ಸೆಂಟಿಮೀಟರ್ ದಾಟಿದ್ದರೆ ಹಸಿರು. ಅದಕ್ಕಿಂತ ಕಡಿಮೆ, 11.5ರವರೆಗೆ ಹಳದಿ, ಅಂಗನವಾಡಿಗೆ ಕರೆದುಕೊಂಡು ಹೋಗಿ ಹೇಳಿ. 11.5ಕ್ಕೂ ಕಡಿಮೆಯಿದ್ದರೆ ಕೆಂಪು. ಕೆಂಪು ಕಂಡಿದ್ದರೆ ಅಳೆದವರು ಅವತ್ತೇ ನಿಮಗೆ ಹೇಳಿ ಆಸ್ಪತ್ರೆಗೆ ಕಳಿಸಬೇಕಿತ್ತು, ಪ್ರಬಂಧ ಮುಗಿಯುವವರೆಗೆ ಕಾಯುವ ಹಾಗಿಲ್ಲ.